ಪರಿಪೂರ್ಣತೆಯ ಮರುದಿನ ಬಂದವರು: ಮ್ಯಾನರಿಸಂ ಎಂದರೇನು?

ಪ್ರಶ್ನೆ: ಯುರೋಪಿನ ಕಲೆಯ ಇತಿಹಾಸವನ್ನು ಓದುವಾಗ ‘ಮ್ಯಾನರಿಸಂ’ ಎಂಬ ಹೆಸರು ಪದೇ ಪದೇ ಎದುರಾಗುತ್ತದೆ. ಒಂದು ಪುಸ್ತಕದಲ್ಲಿ ಅದನ್ನು ಪುನರುಜ್ಜೀವನ ಕಾಲದ ಕಲೆಯ ಅವನತಿ ಎಂದಿದ್ದರೆ, ಇನ್ನೊಂದರಲ್ಲಿ ಆಧುನಿಕ ಕಲೆಯ ಮುನ್ಸೂಚನೆ ಎಂದು ಹೊಗಳಲಾಗಿದೆ. ಈಚೆಗೆ ಸಂಗೀತದ ಬಗ್ಗೆಯೂ ಸಿನಿಮಾದ ಬಗ್ಗೆಯೂ ಅದೇ ಪದವನ್ನು ಬಳಸಿದ್ದನ್ನು ಕಂಡೆ. ಕಾಲವೂ ಮಾಧ್ಯಮವೂ ಬೇರೆಯಾಗಿರುವ ಇವುಗಳನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದು ಸರಿಯೇ? ಯಾವುದನ್ನು ಮ್ಯಾನರಿಸಂ ಎನ್ನಬೇಕು, ಯಾವುದನ್ನು ಎನ್ನಬಾರದು?

ಉತ್ತರ: ನೀವು ಓದಿದ ಎರಡು ಅಭಿಪ್ರಾಯಗಳಲ್ಲಿ ಒಂದು ಹದಿನೇಳನೆಯ ಶತಮಾನದ್ದು, ಇನ್ನೊಂದು ಇಪ್ಪತ್ತನೆಯ ಶತಮಾನದ್ದು. ನಡುವೆ ಸಿಕ್ಕಿಕೊಂಡಿರುವ ಹದಿನಾರನೆಯ ಶತಮಾನದ ಕಲಾವಿದರೂ ಅವರಿಂದ ಚಿತ್ರ ಬರೆಸಿದ ದೊರೆಗಳೂ ಈ ಎರಡರಲ್ಲಿ ಒಂದನ್ನೂ ಒಪ್ಪುತ್ತಿರಲಿಲ್ಲ. ತಮ್ಮ ಕಾಲದಲ್ಲಿ ಕಲೆ ಅವನತಿ ಹೊಂದಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ನಾಲ್ಕು ಶತಮಾನ ಆಚೆಯ ಯಾವುದೋ ಕಲೆಗೆ ತಾವು ಮುನ್ನುಡಿ ಬರೆಯುತ್ತಿದ್ದೇವೆ ಎಂಬ ಕಲ್ಪನೆಯಂತೂ ಇರಲೇ ಇಲ್ಲ. ಅವರ ಮಟ್ಟಿಗೆ ಕಲೆ ಶಿಖರ ಮುಟ್ಟಿ ಆಗಿತ್ತು, ಮತ್ತು ಶಿಖರ ಮುಟ್ಟಿದ ಮೇಲೆ ಮಾಡುವುದೇನು ಎಂಬುದೇ ಅವರ ಮುಂದಿದ್ದ ಸಮಸ್ಯೆಯಾಗಿತ್ತು.

ಈ ಸಮಸ್ಯೆಯನ್ನು ಹಿಡಿದು ಹೊರಟರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಒಂದು ಕಲೆಯಲ್ಲಿ ‘ಇದಕ್ಕಿಂತ ಚೆನ್ನಾಗಿ ಮಾಡಲಾಗದು’ ಎಂದು ಎಲ್ಲರೂ ಒಪ್ಪಿದ ಮಾದರಿಯೊಂದು ಮೊದಲೇ ಇರಬೇಕು; ಆ ಮಾದರಿಯ ನಿಯಮಗಳು ಕಲಾವಿದನಿಗೆ ಮಾತ್ರವಲ್ಲ, ನೋಡುವವರಿಗೂ ಕೇಳುವವರಿಗೂ ಬಾಯಿಪಾಠವಾಗಿರಬೇಕು; ಆಮೇಲೆ ಬಂದ ಕಲಾವಿದ ಆ ನಿಯಮವನ್ನು ಮರೆಯದೆ, ಬಿಟ್ಟೂ ಹೋಗದೆ, ಬಲ್ಲವರ ಕಣ್ಣಿಗೆ ಕಾಣುವ ಹಾಗೆ ಬಾಗಿಸಬೇಕು; ಬಾಗಿಸಿದ ಕೌಶಲವೇ ಕೃತಿಯ ಅರ್ಧ ವಿಷಯವಾಗಿರಬೇಕು. ಇಷ್ಟು ಇದ್ದಲ್ಲಿ ಮ್ಯಾನರಿಸಂ ಎನ್ನಲು ನನಗೆ ಅಡ್ಡಿಯಿಲ್ಲ. ಬರೀ ವಿಕಾರ, ಬರೀ ಅತಿರೇಕ, ಬರೀ ಅಲಂಕಾರ ಕಂಡಲ್ಲಿ ಆ ಹೆಸರು ಸಲ್ಲದು.

ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಚಿತ್ರಕಲೆಯಲ್ಲಿಲ್ಲ, ಕಟ್ಟಡದಲ್ಲಿದೆ. ಉತ್ತರ ಇಟಲಿಯ ಮಾಂತುವಾದಲ್ಲಿ, ಪುನರುಜ್ಜೀವನ ಕಾಲದ ಮಹಾ ಚಿತ್ರಕಾರ ರಾಫೆಲ್‌ನ ಶಿಷ್ಯ ಜೂಲಿಯೊ ರೊಮಾನೊ 1525ರ ಸುಮಾರಿಗೆ ಆರಂಭಿಸಿ ಸುಮಾರು ಹತ್ತು ವರ್ಷಗಳಲ್ಲಿ ಕಟ್ಟಿದ ಪಲಾತ್ಸೊ ತೆ ಎಂಬ ವಿಹಾರದ ಅರಮನೆಯಿದೆ. ಪ್ರಾಚೀನ ರೋಮಿನ ಡೋರಿಕ್ ಪದ್ಧತಿಯಲ್ಲಿ ಕಂಬಗಳ ಮೇಲಿನ ಪಟ್ಟಿಯಲ್ಲಿ ಉದ್ದಗೀರುಗಳಿರುವ ಚಚ್ಚೌಕದಂಥ ಕಲ್ಲುಗಳು, ಅಂದರೆ ಟ್ರಿಗ್ಲಿಫ್‌ಗಳು, ಸಮಾನ ಅಂತರದಲ್ಲಿ ಒಂದೇ ಮಟ್ಟದಲ್ಲಿ ಕೂತಿರಬೇಕು. ಈ ಅರಮನೆಯ ಒಳಾಂಗಣದಲ್ಲಿ ಅವುಗಳಲ್ಲಿ ಕೆಲವು ಕೆಳಗೆ ಜಾರಿದಂತೆ ಕೆತ್ತಲ್ಪಟ್ಟಿವೆ, ಇನ್ನೇನು ಉದುರಿಬೀಳುತ್ತವೆ ಎಂಬಂತೆ. ಅವು ಉದುರುವುದಿಲ್ಲ, ಐನೂರು ವರ್ಷಗಳಿಂದ ಹಾಗೆಯೇ ಇವೆ. ನಿಯಮ ಗೊತ್ತಿಲ್ಲದವನಿಗೆ ಅಲ್ಲಿ ನೋಡಲು ಏನೂ ಇಲ್ಲ, ಹೆಚ್ಚೆಂದರೆ ಮೇಸ್ತ್ರಿಯ ತಪ್ಪೆಂದುಕೊಂಡು ಮುಂದೆ ಹೋಗುತ್ತಾನೆ. ಪ್ರಾಚೀನ ರೋಮಿನ ವಿಟ್ರುವಿಯಸ್‌ನ ವಾಸ್ತುಗ್ರಂಥವನ್ನು ಓದಿಕೊಂಡಿದ್ದ, ಅರಮನೆಯ ಒಡೆಯ ಗೊನ್ಜಾಗ ದೊರೆಯ ಅತಿಥಿಗೆ ಮಾತ್ರ ಎದೆ ಝಲ್ಲೆನ್ನುತ್ತದೆ, ಮರುಕ್ಷಣ ನಗು ಬರುತ್ತದೆ.

ಇನ್ನು ಚಿತ್ರಕಲೆಗೆ ಬರೋಣ. ರಾಫೆಲ್ 1520ರಲ್ಲಿ ತೀರಿಕೊಂಡ. ಅಷ್ಟರೊಳಗೆ ದೂರದೃಶ್ಯದ, ಅಂದರೆ ಸಪಾಟು ಚಿತ್ರದಲ್ಲಿ ದೂರ ಹತ್ತಿರಗಳನ್ನು ತೋರಿಸುವ, ಲೆಕ್ಕಾಚಾರ, ದೇಹರಚನೆಯ ಜ್ಞಾನ, ಹಲವು ಆಕೃತಿಗಳನ್ನು ಒಂದು ಚೌಕಟ್ಟಿನೊಳಗೆ ಸಮತೂಕದಲ್ಲಿ ಕೂರಿಸುವ ವಿಧಾನ ಎಲ್ಲವೂ ಸಿದ್ಧವಾಗಿದ್ದವು. ಕಲಾವಿದರ ಜೀವನಚರಿತ್ರೆಗಳನ್ನು 1550ರಲ್ಲಿ ಪ್ರಕಟಿಸಿದ ಜಾರ್ಜೊ ವಸಾರಿ ಈ ಸಿದ್ಧಿಯನ್ನು ವಿವರಿಸುವಾಗ, ಅತ್ಯಂತ ಸುಂದರವಾದ ಕೈ, ತಲೆ, ಮೈ, ಕಾಲುಗಳನ್ನು ಆಯ್ದು ಪದೇ ಪದೇ ಬರೆದು, ಅವನ್ನೆಲ್ಲ ಕೂಡಿಸಿ ಒಂದು ಸುಂದರ ಆಕೃತಿಯನ್ನು ರೂಪಿಸುವುದರಿಂದ ‘ಮಾನಿಯೆರಾ’ (ಶೈಲಿ) ಎಂಬ ಗುಣ ಬರುತ್ತದೆ ಎನ್ನುತ್ತಾನೆ. ವಸಾರಿಗೆ ಅದು ಮೆಚ್ಚುಗೆಯ ಮಾತು. ಆದರೆ ಅವನ ಸೂತ್ರವನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿದರೆ, ಪ್ರಕೃತಿಯನ್ನು ನೋಡಿ ಬರೆಯುವ ಜಾಗದಲ್ಲಿ ಕಲೆಯನ್ನು ನೋಡಿ ಕಲೆ ಬರೆಯುವುದು ಆಗಲೇ ಬಂದು ಕೂತಿರುವುದು ಗೊತ್ತಾಗುತ್ತದೆ. 1672ರಲ್ಲಿ ಬೆಲ್ಲೋರಿ ಎಂಬ ವಿಮರ್ಶಕ ಇದನ್ನೇ ಹಿಡಿದು, ರಾಫೆಲ್‌ನ ನಂತರದವರು ಪ್ರಕೃತಿಯ ಅನುಕರಣೆಯನ್ನು ಬಿಟ್ಟು ಕೈಗೆ ರೂಢಿಯಾದ ಶೈಲಿಯಿಂದ ಕಲೆಯನ್ನು ಕೆಡಿಸಿದರು ಎಂದು ಬರೆದ. ನಿಮ್ಮ ಮೊದಲ ಪುಸ್ತಕದ ‘ಅವನತಿ’ಯ ಮೂಲ ಅಲ್ಲಿದೆ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. ಫ್ಲಾರೆನ್ಸಿನ ಸಾಂತಾ ಫೆಲಿಚಿತಾ ಚರ್ಚಿನ ಬಾಗಿಲನ್ನು ದಾಟಿದೊಡನೆ ಬಲಗಡೆ ಕಾಪ್ಪೋನಿ ಮನೆತನದ ಸಣ್ಣ ಪ್ರಾರ್ಥನಾಗೃಹವಿದೆ. 1525ರಿಂದ 1528ರವರೆಗೆ ಅದನ್ನು ಮರೆಮಾಡಿಕೊಂಡು, ಬರೆಸಿದ ಯಜಮಾನನಿಗೂ ನೋಡಗೊಡದೆ, ಯಾಕೊಪೊ ಪೊಂತೊರ್ಮೊ ಅಲ್ಲಿ ಕೆಲಸ ಮಾಡಿದನೆಂದು ವಸಾರಿ ಹೇಳುತ್ತಾನೆ. ಚಿತ್ರದ ವಿಷಯ, ಶಿಲುಬೆಯಿಂದ ಇಳಿಸಿದ ಏಸುವಿನ ದೇಹವನ್ನು ಹೊತ್ತು ಸಾಗಿಸುವುದು. ಆದರೆ ಚಿತ್ರದಲ್ಲಿ ಶಿಲುಬೆ ಇಲ್ಲ, ಏಣಿ ಇಲ್ಲ, ಸಮಾಧಿ ಇಲ್ಲ, ನೆಲವೂ ಹೆಚ್ಚುಕಡಿಮೆ ಇಲ್ಲ; ಮೇಲೆ ಎಡಕ್ಕೆ ಒಂಟಿ ಮೋಡವಿದೆ. ಹನ್ನೊಂದು ದೇಹಗಳು ಚೌಕಟ್ಟಿನ ಉದ್ದಕ್ಕೂ ಒಂದರ ಮೇಲೊಂದು ಏರಿಕೊಂಡು ನಿಂತಿವೆ. ಶವವನ್ನು ಹೊತ್ತ ಇಬ್ಬರು ಯುವಕರಲ್ಲಿ ಮುಂದಿನವನು ತುದಿಗಾಲಲ್ಲಿ ಕುಕ್ಕರಿಸಿದ್ದಾನೆ; ಅಷ್ಟು ಭಾರವನ್ನು ಹೊತ್ತವನು ಹಾಗೆ ಕೂರಲಾರ. ಅವನ ಮೈಮೇಲಿನ ಗುಲಾಬಿ ಬಣ್ಣ ಬಟ್ಟೆಯದೋ ಚರ್ಮದ್ದೋ ಹೇಳುವುದು ಕಷ್ಟ. ತೆಳುನೀಲಿ, ಕಿತ್ತಳೆ, ಎಳೆಹಸಿರು, ಗುಲಾಬಿ ಬಣ್ಣಗಳು ನೆರಳನ್ನೇ ಕಾಣದವುಗಳಂತೆ ಬೆಳಗುತ್ತವೆ. ಬೆಳಕು, ನಡುಬಣ್ಣ, ನೆರಳು ಇವುಗಳ ನಡುವೆ ವ್ಯತ್ಯಾಸ ಕಾಣದಷ್ಟು ತಿಳಿಯಾಗಿ ಬರೆದಿದ್ದಾನೆಂದು ವಸಾರಿ ಆಕ್ಷೇಪಿಸಿದ್ದು ಇದನ್ನೇ. ಆ ಪ್ರಾರ್ಥನಾಗೃಹ ಮೊಬ್ಬುಗತ್ತಲೆಯ ಜಾಗವಾದ್ದರಿಂದ ಬಣ್ಣ ಹಾಗಿರಬೇಕಾಗಿತ್ತು ಎಂಬ ಸಮಜಾಯಿಷಿಯೂ ಇದೆ. ಅದು ಭಾಗಶಃ ಸರಿ.

ಇಲ್ಲಿ ಗಮನಿಸಬೇಕಾದುದೇನೆಂದರೆ, ಒಂದೊಂದೇ ದೇಹವನ್ನು ಬೇರ್ಪಡಿಸಿ ನೋಡಿದರೆ ತಪ್ಪು ಹುಡುಕುವುದು ಸುಲಭವಲ್ಲ. ಬೆನ್ನಿನ ಸ್ನಾಯು, ಕತ್ತಿನ ತಿರುವು, ಬೆರಳುಗಳು ಎಲ್ಲವೂ ಪಳಗಿದ ಕೈಯ ಕೆಲಸ. ದೇಹಗಳ ನಡುವಿನ ಸಂಬಂಧ ಮಾತ್ರ ತಪ್ಪಿಹೋಗಿದೆ: ಯಾರು ಯಾರನ್ನು ಹೊತ್ತಿದ್ದಾರೆ, ಯಾರ ಕೈ ಯಾರ ಹೆಗಲ ಮೇಲಿದೆ, ಯಾರು ಮುಂದೆ ಯಾರು ಹಿಂದೆ ಎಂಬುದು ಗೊತ್ತಾಗುವುದಿಲ್ಲ. ಬಿಡಿಬಿಡಿಯಾಗಿ ಸರಿ, ಕೂಡಿದಾಗ ಅಸಾಧ್ಯ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಸಂಗೀತದಲ್ಲಿ ಇದೇ ಮತ್ತೆ ಬರುತ್ತದೆ.

ಪಾರ್ಮಿಜಾನಿನೊ ಎಂಬವನ ‘ಉದ್ದ ಕೊರಳಿನ ಮಾತೆ’ ಚಿತ್ರ ಇನ್ನೂ ಪ್ರಸಿದ್ಧವಾದುದು. 1534ರಲ್ಲಿ ಒಪ್ಪಿಕೊಂಡ ಈ ಚಿತ್ರವನ್ನು ಅವನು 1540ರಲ್ಲಿ ಸಾಯುವವರೆಗೂ ಮುಗಿಸಲಿಲ್ಲ. ಈಗ ಅದು ಫ್ಲಾರೆನ್ಸಿನ ಉಫೀತ್ಸಿಯಲ್ಲಿದೆ. ಎಲ್ಲರೂ ಕೊರಳನ್ನು ನೋಡುತ್ತಾರೆ. ನಾನಾದರೆ ಚಿತ್ರದ ಬಲಭಾಗವನ್ನು ನೋಡಿ ಎನ್ನುತ್ತೇನೆ. ಎಡಗಡೆ ದೇವದೂತರು ಒಬ್ಬರ ಮೇಲೊಬ್ಬರು ನೂಕಿಕೊಂಡು ನಿಂತಿರುವಾಗ ಬಲಗಡೆ ಪೂರ್ತಿ ಖಾಲಿ. ಅಲ್ಲಿ ಮೇಲೆ ನೋಡಿದರೆ ಒಂದು ಕಂಬ, ಕೆಳಗೆ ನೋಡಿದರೆ ಸಾಲು ಕಂಬಗಳ ಬುಡಗಳು. ಪಕ್ಕದಲ್ಲಿ ಸುರುಳಿ ಬಿಚ್ಚುತ್ತಿರುವ ಒಬ್ಬ ಕೃಶ ಮನುಷ್ಯ ಮಾತೆಯ ಮೊಣಕಾಲಿನ ಎತ್ತರಕ್ಕೂ ಬರುವುದಿಲ್ಲ. ಅವನು ದೂರದಲ್ಲಿದ್ದಾನೆಯೇ, ಕುಳ್ಳನೇ ಎಂದು ತೀರ್ಮಾನಿಸಲು ನಡುವೆ ಅಳತೆಗೆ ಸಿಗುವ ಒಂದು ವಸ್ತುವನ್ನೂ ಇಟ್ಟಿಲ್ಲ. ದೂರದೃಶ್ಯದ ಗಣಿತ ಗೊತ್ತಿಲ್ಲದವನು ಹೀಗೆ ಬರೆಯಲಾರ. ಗೊತ್ತಿರುವವನು ಬೇಕೆಂದೇ ಅದರ ಕೊಂಡಿಯನ್ನು ಕಳಚಿದ್ದಾನೆ.

ಅವನಿಗೆ ಗೊತ್ತಿತ್ತು ಎನ್ನಲು ಬೇರೆ ಸಾಕ್ಷಿಯೂ ಇದೆ. ಸುಮಾರು ಇಪ್ಪತ್ತೊಂದರ ವಯಸ್ಸಿನಲ್ಲಿ ಅವನು ಕ್ಷೌರಿಕರ ಅಂಗಡಿಯ ಉಬ್ಬುಗನ್ನಡಿಯಲ್ಲಿ ತನ್ನ ಪ್ರತಿಬಿಂಬವನ್ನು ನೋಡಿ, ಅದೇ ಆಕಾರದ ಮರದ ಅರ್ಧಗೋಳವನ್ನು ಮಾಡಿಸಿ, ಅದರ ಮೇಲೆ ಸ್ವಂತ ಭಾವಚಿತ್ರ ಬರೆದುಕೊಂಡು 1524ರಲ್ಲಿ ರೋಮಿಗೆ ಒಯ್ದ. ಸುಮಾರು 24 ಸೆಂಟಿಮೀಟರ್ ಅಗಲದ ಈ ಚಿತ್ರ ಈಗ ವಿಯೆನ್ನಾದಲ್ಲಿದೆ. ಮುಂದೆ ಚಾಚಿದ ಕೈ ಮುಖಕ್ಕಿಂತ ದೊಡ್ಡದಾಗಿ ಊದಿದೆ, ಕಿಟಕಿಯೂ ಮಾಡೂ ಬಾಗಿವೆ, ನಡುವೆ ಮುಖ ಮಾತ್ರ ಒಂದಿಷ್ಟೂ ಕೆಡದೆ ಸುಂದರವಾಗಿದೆ. ಮೊಬೈಲನ್ನು ತೀರ ಹತ್ತಿರ ಹಿಡಿದು ಸೆಲ್ಫಿ ತೆಗೆದುಕೊಂಡವರಿಗೆ ಈ ಹಿಗ್ಗಿದ ಕೈಯ ಪರಿಚಯ ಚೆನ್ನಾಗಿಯೇ ಇದೆ. ಹುಡುಗ ಪೋಪರ ಮುಂದೆ ಉದ್ಯೋಗದ ಅರ್ಜಿಯಾಗಿ ಇಟ್ಟದ್ದು ಇದನ್ನು. ವಿಕಾರವನ್ನು ಇಷ್ಟು ನಿಖರವಾಗಿ ಬರೆಯಬಲ್ಲೆ ಎಂಬುದೇ ಅವನ ಅರ್ಹತಾಪತ್ರ.

ಹಾಗಾದರೆ ‘ಆಧುನಿಕ ಕಲೆಯ ಮುನ್ಸೂಚನೆ’ ಎಂಬ ಮಾತು ಎಲ್ಲಿಂದ ಬಂತು? ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ವಿಯೆನ್ನಾದ ಕಲಾ ಇತಿಹಾಸಕಾರ ಮ್ಯಾಕ್ಸ್ ದ್ವೋರ್ಝಾಕ್ ಹದಿನಾರನೆಯ ಶತಮಾನದ ಚಿತ್ರಕಾರ ಎಲ್ ಗ್ರೆಕೊನ ಬಗ್ಗೆ ಒಂದು ಉಪನ್ಯಾಸ ಕೊಟ್ಟು, ನಂಬಿಕೆಗಳೆಲ್ಲ ಕುಸಿದ ಕಾಲದಲ್ಲಿ ಆತ್ಮ ಆಸರೆ ಹುಡುಕಿದ ಕಲೆ ಇದು ಎಂದು ವ್ಯಾಖ್ಯಾನಿಸಿದ. ಅಲ್ಲಿಂದ ಮುಂದೆ ಲೂಥರ್‌ನ 1517ರ ಬಂಡಾಯ, 1527ರಲ್ಲಿ ಚಕ್ರವರ್ತಿಯ ಸೈನಿಕರು ರೋಮ್ ನಗರವನ್ನು ಸೂರೆಗೈದದ್ದು ಇವುಗಳಿಂದ ಹುಟ್ಟಿದ ತಳಮಳವೇ ಮ್ಯಾನರಿಸಂನ ಕಾರಣವೆಂದು ಹೇಳುವುದು ರೂಢಿಯಾಯಿತು. ಈ ವಾದ ಆಕರ್ಷಕವಾಗಿದೆ, ಆದರೆ ಇಸವಿಗಳು ಅದಕ್ಕೆ ಒಗ್ಗುವುದಿಲ್ಲ. ರೊಸ್ಸೊ ಫಿಯೊರೆಂತಿನೊ ವೊಲ್ತೆರ್ರಾ ಊರಿಗೆ ಬರೆದುಕೊಟ್ಟ ಬೆಂಕಿಯಂಥ ಬಣ್ಣಗಳ ಶಿಲುಬೆಯ ಚಿತ್ರದ ಕಾಲ 1521. ರೋಮ್ ಸೂರೆಯಾಗಲು ಆಗ ಇನ್ನೂ ಆರು ವರ್ಷವಿತ್ತು. ಯುದ್ಧದಲ್ಲಿ ನಲುಗಿದ ಒಂದು ತಲೆಮಾರು ತನ್ನ ದುಃಖವನ್ನು ಹಳೆಯ ಚಿತ್ರಗಳಲ್ಲಿ ಓದಿಕೊಂಡಿತು ಎಂದೇ ನನಗೆ ತೋರುತ್ತದೆ. ಅದು ಆ ಚಿತ್ರಗಳಿಗೆ ಒಳ್ಳೆಯದನ್ನೇ ಮಾಡಿತು, ಯಾಕೆಂದರೆ ಜನ ಮತ್ತೆ ಅವುಗಳನ್ನು ನೋಡತೊಡಗಿದರು.

1967ರಲ್ಲಿ ಇಂಗ್ಲಿಷ್ ವಿದ್ವಾಂಸ ಜಾನ್ ಶಿಯರ್‌ಮನ್ ಇದಕ್ಕೆ ತದ್ವಿರುದ್ಧವಾದ ವಾದ ಹೂಡಿದರು: ಇದು ಸಂಕಟದ ಕಲೆಯಲ್ಲ, ಆಸ್ಥಾನದ ನಯನಾಜೂಕಿನ ಕಲೆ, ಕಷ್ಟವಾದುದನ್ನು ಸಲೀಸಾಗಿ ಮಾಡಿದಂತೆ ತೋರಿಸುವುದೇ ಅದರ ಧ್ಯೇಯ. ಇಟಲಿಯ ಲೇಖಕ ಕಾಸ್ತಿಲ್ಯೋನೆ 1528ರಲ್ಲಿ ಆಸ್ಥಾನಿಕನಿಗೆ ಬೋಧಿಸಿದ್ದೂ ಇದನ್ನೇ: ಪರಿಶ್ರಮವನ್ನು ಬಚ್ಚಿಡುವುದೇ ಪರಿಷ್ಕಾರ. ಜಾಂಬೊಲೊನ್ಯಾ ಎಂಬ ಶಿಲ್ಪಿ 1580ರ ದಶಕದ ಆರಂಭದಲ್ಲಿ ಒಂದೇ ಅಮೃತಶಿಲೆಯ ಬಂಡೆಯಲ್ಲಿ ಹಾವಿನಂತೆ ಸುತ್ತಿಕೊಂಡು ಮೇಲೇರುವ ಮೂರು ದೇಹಗಳನ್ನು ಕೆತ್ತಿದ. ಅದನ್ನು ಪೂರ್ತಿ ನೋಡಬೇಕಾದರೆ ಸುತ್ತಲೂ ಬರಬೇಕು, ಎದುರಿನ ನೋಟ ಎಂಬುದೇ ಅದಕ್ಕಿಲ್ಲ. ಫ್ಲಾರೆನ್ಸಿನ ಚೌಕದಲ್ಲಿ ಇಂದಿಗೂ ಇರುವ ಈ ಶಿಲ್ಪವನ್ನು ‘ಸಬೈನ್ ಸ್ತ್ರೀಯ ಅಪಹರಣ’ ಎಂದು ಕರೆಯುತ್ತಾರೆ. ಆದರೆ ಅವನು ತನ್ನ ಕೌಶಲವನ್ನು ತೋರಿಸಲೆಂದೇ ಕಥೆಯ ಹಂಗಿಲ್ಲದೆ ಅದನ್ನು ಮಾಡಿದ್ದ, ಹೆಸರಿಟ್ಟದ್ದು ಆಮೇಲೆ ಎಂದು 1584ರಲ್ಲಿ ಬರೆದ ಸಮಕಾಲೀನನೊಬ್ಬ ದಾಖಲಿಸಿದ್ದಾನೆ. ಶಿಯರ್‌ಮನ್ನರ ವಾದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಆದರೂ ಪೊಂತೊರ್ಮೊನ ಚಿತ್ರದ ಮುಂದೆ ನಿಂತು ‘ಇದು ಬರೀ ನಾಜೂಕು’ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾಜೂಕಿನೊಳಗೆ ನಿಜವಾದ ಅಳಲು ಸೇರಿಕೊಳ್ಳಲು ಅಡ್ಡಿಯೇನಿದೆ? ಸಂಗೀತಕ್ಕೆ ಬಂದಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಸಂಗೀತದಲ್ಲಿ ಈ ಹೆಸರನ್ನು ಎರಡು ಕಾಲಗಳಿಗೆ ಬಳಸಿದ್ದಾರೆ. ಮೊದಲನೆಯದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಅವಿನ್ಯೋನಿನ ಪೋಪರ ಆಸ್ಥಾನ ಮತ್ತು ದಕ್ಷಿಣ ಫ್ರಾನ್ಸಿನ ಫುವಾ ಆಸ್ಥಾನಗಳ ಸುತ್ತ ಬೆಳೆದ, ಲಯದ ಲೆಕ್ಕಾಚಾರ ವಿಪರೀತವಾಗಿದ್ದ ಹಾಡುಗಾರಿಕೆ. ಮಹಾ ಸಂಗೀತಗಾರ ಗಿಯೋಮ್ ದ ಮಶೋ 1377ರಲ್ಲಿ ತೀರಿಕೊಂಡ ಮೇಲಿನ ತಲೆಮಾರು ಅದು, ಅಂದರೆ ಇಲ್ಲಿಯೂ ಹಿರಿಯನೊಬ್ಬನ ನಂತರ ಬಂದವರೇ. ಶಾಂತಿಯಿ ಎಂಬಲ್ಲಿರುವ ಹಸ್ತಪ್ರತಿಯಲ್ಲಿ ಬೋದ್ ಕೊರ್ದಿಯೆ ಎಂಬವನ ಒಂದು ಪ್ರೇಮಗೀತೆಯ ಸ್ವರಲಿಪಿಯನ್ನು ಹೃದಯದ ಆಕಾರದಲ್ಲಿಯೂ ಇನ್ನೊಂದು ಹಾಡನ್ನು ವೃತ್ತಾಕಾರದಲ್ಲಿಯೂ ಬರೆಯಲಾಗಿದೆ. ಲಯ ಬದಲಾಗುವ ಕಡೆ ಕೆಂಪು ಶಾಯಿ. ಕನ್ನಡ ಕಾವ್ಯ ಓದಿದವರಿಗೆ ಚಕ್ರಬಂಧ, ಪದ್ಮಬಂಧಗಳು ನೆನಪಾಗುವುದು ಸಹಜ. ಹೃದಯದ ಆಕಾರ ಕೇಳುಗನ ಕಿವಿಗೆ ಎಂದೂ ಬೀಳದು, ಅದು ಹಾಡುವವನ ಕಣ್ಣಿಗಷ್ಟೇ ಮೀಸಲು. ಇಪ್ಪತ್ತನೆಯ ಶತಮಾನದಲ್ಲಿ ಈ ಸ್ವರಲಿಪಿಯನ್ನು ಅಧ್ಯಯನ ಮಾಡಿದ ವಿಲ್ಲಿ ಆಪೆಲ್ ಅದನ್ನು ಮ್ಯಾನರಿಸಂ ಎಂಬ ಅರ್ಥದಲ್ಲಿಯೇ ವರ್ಣಿಸಿದರು. ಆ ಹೆಸರಿಗೆ ಅಂಟಿದ್ದ ತಾತ್ಸಾರದ ಛಾಯೆ ಬೇಡವೆಂದು 1960ರ ದಶಕದಲ್ಲಿ ಉರ್ಸುಲಾ ಗ್ಯುಂಟರ್ ‘ಆರ್ಸ್ ಸುಬ್ತಿಲಿಯೊರ್’, ಅಂದರೆ ಇನ್ನೂ ಸೂಕ್ಷ್ಮವಾದ ಕಲೆ, ಎಂಬ ಹೆಸರು ಕೊಟ್ಟರು. ಈಗ ಎಲ್ಲರೂ ಅದನ್ನೇ ಬಳಸುತ್ತಾರೆ.

ಎರಡನೆಯದು ಹದಿನಾರನೆಯ ಶತಮಾನದ ಉತ್ತರಾರ್ಧದ ಇಟಲಿಯ ಮದ್ರಿಗಲ್, ಅಂದರೆ ನಾಲ್ಕೈದು ಜನ ಬೇರೆ ಬೇರೆ ಧಾಟಿಗಳನ್ನು ಒಟ್ಟಿಗೆ ಹಾಡುವ ಭಾವಗೀತೆ. ಇಲ್ಲಿ ಚಿತ್ರಕಲೆಯೊಡನೆ ಹೋಲಿಕೆ ಬಹಳ ಹತ್ತಿರದ್ದು. 1558ರಲ್ಲಿ ವೆನಿಸಿನ ತ್ಸಾರ್ಲಿನೊ ಸ್ವರಗಳ ಹೊಂದಾಣಿಕೆಯ ನಿಯಮಗಳನ್ನು ದೊಡ್ಡ ಗ್ರಂಥವಾಗಿ ಬರೆದು, ತನ್ನ ಗುರು ವಿಲ್ಲಾರ್ಟ್‌ನನ್ನು ಹೊಸ ಪೈಥಾಗರಸ್ ಎಂಬಂತೆ ಹೊಗಳಿದ. ವಸಾರಿ ಚಿತ್ರಕಲೆಗೆ ಮಾಡಿದ್ದನ್ನು ತ್ಸಾರ್ಲಿನೊ ಸಂಗೀತಕ್ಕೆ ಮಾಡಿದ ಎನ್ನಬಹುದು: ಪರಿಪೂರ್ಣತೆ ಇಲ್ಲಿದೆ, ಅದರ ಕಾನೂನು ಇದು. ಕಾನೂನು ಬರೆದಾದ ಮೇಲೆ ಅದನ್ನು ಬಾಗಿಸುವ ಆಟ ಬಿರುಸಾಯಿತು. ಹಾಡಿನಲ್ಲಿ ‘ಕಣ್ಣುಗಳು’ ಎಂಬ ಪದ ಬಂದರೆ ದುಂಡಗಿನ ಎರಡು ಸ್ವರಚಿಹ್ನೆಗಳನ್ನು ಪಕ್ಕಪಕ್ಕ ಬರೆಯುವುದು, ‘ರಾತ್ರಿ’ ಎಂದರೆ ಕಪ್ಪು ತುಂಬಿದ ಚಿಹ್ನೆಗಳನ್ನು ಬಳಸುವುದು ಮುಂತಾದ ಚಮತ್ಕಾರಗಳು ಬಂದವು. 1581ರಲ್ಲಿ ವಿನ್ಚೆಂತ್ಸೊ ಗಲಿಲಿ, ಖಗೋಳ ವಿಜ್ಞಾನಿಯ ತಂದೆ, ಪದಪದಕ್ಕೂ ಸಂಗೀತದ ಚಿತ್ರ ಬರೆಯುವ ಈ ಚಾಳಿಯನ್ನು ಗೇಲಿ ಮಾಡಿದ. ಇವೆಲ್ಲ ಸಣ್ಣ ಆಟಗಳು, ಇಲ್ಲಿ ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದುದು ವೆನೋಸದ ರಾಜಕುಮಾರ ಕಾರ್ಲೊ ಜೆಸುವಾಲ್ಡೊನ ಬಳಿ. 1611ರಲ್ಲಿ ಪ್ರಕಟವಾದ ಅವನ ಆರನೆಯ ಮದ್ರಿಗಲ್ ಪುಸ್ತಕದಲ್ಲಿ ‘ಮೊರೊ, ಲಾಸ್ಸೊ’ ಎಂಬ ಐದು ಕಂಠಗಳ ಹಾಡಿದೆ. ಹಾಡಿನ ಅರ್ಥ ಇಷ್ಟೆ: ನೋವಿನಿಂದ ಸಾಯುತ್ತಿದ್ದೇನೆ, ನನಗೆ ಜೀವ ಕೊಡಬಲ್ಲವರೇ ನನ್ನನ್ನು ಕೊಲ್ಲುತ್ತಿದ್ದಾರೆ. ಮೊದಲ ಎರಡು ಪದಗಳಿಗೆ ಅವನು ಬಳಸುವ ಸ್ವರಮೇಳಗಳು ಸಿ ಶಾರ್ಪ್ ಮೇಜರ್, ಎ ಮೈನರ್, ಬಿ ಮೇಜರ್, ಜಿ ಮೇಜರ್. ಪಾಶ್ಚಾತ್ಯ ಸಂಗೀತದ ಪರಿಚಯ ಸ್ವಲ್ಪವೇ ಇರುವವರೂ ಕೀಬೋರ್ಡಿನ ಮೇಲೆ ಇವನ್ನು ಒಂದೊಂದಾಗಿ ಬಾರಿಸಿ ನೋಡಬಹುದು. ಪ್ರತಿಯೊಂದೂ ಇಂಪಾದ, ಅಂದಿನ ಯಾವ ಚರ್ಚಿನಲ್ಲೂ ಕೇಳಿಬರಬಹುದಾದ ರಚನೆಯ ಮೇಳ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಆ ಕಾಲದ ಯಾವ ನಿಯಮಕ್ಕೂ ಸಿಗದು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಷ್ಟರಲ್ಲಿಯೇ ಕಾಲಡಿಯ ನೆಲ ಸರಿದಂತಾಗುತ್ತದೆ. ಬಿಡಿಬಿಡಿಯಾಗಿ ಸರಿ, ಕೂಡಿದಾಗ ಅಸಾಧ್ಯ: ಪೊಂತೊರ್ಮೊನ ದೇಹಗಳ ಬಗ್ಗೆ ಹೇಳಿದ್ದೇ ಇಲ್ಲಿಗೂ ಸಲ್ಲುತ್ತದೆ. ಇನ್ನೂ ಒಂದು ವಿಷಯ. ‘ಜೀವ ಕೊಡಬಲ್ಲವರು’ ಎಂಬ ಸಾಲು ಬಂದೊಡನೆ ಸಂಗೀತ ಥಟ್ಟನೆ ವೇಗ ಪಡೆದು, ಕಂಠಗಳು ಒಂದರ ಹಿಂದೊಂದು ಓಡುತ್ತ, ನಿಯಮಬದ್ಧವಾದ ಸರಳ ಸ್ವರಗಳಿಗೆ ಮರಳುತ್ತದೆ. ಅಂದರೆ ನಿಯಮ ಎಲ್ಲಿದೆಯೆಂಬುದನ್ನು ಅವನು ಹಾಡಿನೊಳಗೇ ಕೇಳಿಸಿ, ಅದರ ಪಕ್ಕದಲ್ಲಿ ಅದರಿಂದ ಜಾರಿದ್ದನ್ನು ಇಡುತ್ತಾನೆ. ಮಾಂತುವಾದ ಟ್ರಿಗ್ಲಿಫ್‌ಗಳ ವ್ಯವಸ್ಥೆಯೂ ಹೀಗೆಯೇ ಇತ್ತು.

ಜೆಸುವಾಲ್ಡೊ 1590ರ ಅಕ್ಟೋಬರಿನಲ್ಲಿ ತನ್ನ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದ ಮನುಷ್ಯ. ಅವನ ಬಗ್ಗೆ ಬರೆದವರಲ್ಲಿ ಅನೇಕರು ಈ ಕೊಲೆಯಿಂದಲೇ ಆರಂಭಿಸಿ, ಸ್ವರಗಳು ಹುಚ್ಚೆದ್ದುದಕ್ಕೆ ಪಶ್ಚಾತ್ತಾಪ ಕಾರಣವೆನ್ನುತ್ತಾರೆ. ನನಗೆ ಇದು ಕಥೆಗಾರಿಕೆ ಎನಿಸುತ್ತದೆ. ಕೊಲೆಗೂ ಈ ಹಾಡಿನ ಪ್ರಕಟಣೆಗೂ ನಡುವೆ ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅಂತರವಿದೆ. ಅದಕ್ಕಿಂತ ಮುಖ್ಯವಾಗಿ, ಅವನು 1594ರಲ್ಲಿ ಎರಡನೆಯ ಮದುವೆಗಾಗಿ ಹೋದ ಫೆರಾರಾ ಆಸ್ಥಾನದಲ್ಲಿ ಇಂಥ ಸ್ವರಪ್ರಯೋಗ ಆಗಲೇ ಮನೆಮಾತಾಗಿತ್ತು. ಅಲ್ಲಿ ಸಂಗೀತಗಾರ ಲುತ್ಸಾಸ್ಕಿ ಇದ್ದ. ಆಹ್ವಾನಿತರಿಗೆ ಮಾತ್ರ ಹಾಡುತ್ತಿದ್ದ ಗಾಯಕಿಯರ ಪ್ರಸಿದ್ಧ ಮೇಳವಿತ್ತು. 1555ರಲ್ಲಿ ವಿಚೆಂತಿನೊ ವಿವರಿಸಿದ್ದ, ಒಂದು ಸಪ್ತಕಕ್ಕೆ ಮೂವತ್ತಕ್ಕೂ ಹೆಚ್ಚು ಮನೆಗಳಿದ್ದ ವಾದ್ಯವೂ ಇತ್ತು. ಕಿವಿ ಪಳಗಿದ ಸಣ್ಣ ಕೂಟ, ಎಲ್ಲರಿಗೂ ಬಾಯಿಪಾಠವಾದ ನಿಯಮ, ಮೀರಿಸಬೇಕೆಂಬ ಹಟ: ಈ ಸಂಗೀತಕ್ಕೆ ಇಷ್ಟು ಕಾರಣ ಸಾಕು. 1613ರಲ್ಲಿ ಜೆನೋವದಲ್ಲಿ ಅವನ ಆರೂ ಪುಸ್ತಕಗಳನ್ನು ಎಲ್ಲ ಕಂಠಗಳೂ ಒಂದೇ ಪುಟದಲ್ಲಿ ಕಾಣುವಂತೆ ಮುದ್ರಿಸಲಾಯಿತು. ಗಾಯಕರಿಗೆ ತಲಾ ಒಂದು ಪುಸ್ತಕ ಕೊಡುವುದೇ ಆಗಿನ ಪದ್ಧತಿಯಾಗಿದ್ದುದರಿಂದ ಈ ಮುದ್ರಣ ಹಾಡುವುದಕ್ಕಿಂತ ಕೂತು ಅಭ್ಯಾಸ ಮಾಡುವವರಿಗಾಗಿ ಎಂಬುದು ಸ್ಪಷ್ಟ. ಹಾಗೆಂದು ಅದು ಬರೀ ಕಸರತ್ತು ಎಂದಲ್ಲ. ಕಸರತ್ತಿನ ಮೂಲಕವೇ ಅಳಲು ಕೇಳಿಸುವುದು ಸಾಧ್ಯವೆಂದು ಅವನಷ್ಟು ಚೆನ್ನಾಗಿ ತೋರಿಸಿದವರು ವಿರಳ. 1960ರಲ್ಲಿ ಸ್ಟ್ರಾವಿನ್‌ಸ್ಕಿ ಅವನ ಮೂರು ಮದ್ರಿಗಲ್‌ಗಳನ್ನು ವಾದ್ಯವೃಂದಕ್ಕೆ ಅಳವಡಿಸಿದ್ದೂ ಈ ಕಾರಣಕ್ಕೇ ಇರಬೇಕು.

ಈಗ ಎಲ್ಲಿ ಗೆರೆ ಎಳೆಯಬೇಕು ಎಂಬ ಮಾತು. 1600ರ ಆಸುಪಾಸಿನಲ್ಲಿ ಇಟಲಿಯ ಚಿತ್ರಕಾರ ಕರವಾಜ್ಜೊ ಅದೇ ಏಸುವಿನ ಶವದ ವಿಷಯವನ್ನು ಬರೆದಾಗ, ಹೊತ್ತವರ ಕಾಲು ಬಾಗಿವೆ, ಶವ ಜೋಲುತ್ತಿದೆ, ಸಮಾಧಿಯ ಚಪ್ಪಡಿಯ ಮೂಲೆ ನಮ್ಮತ್ತ ಚಾಚಿಕೊಂಡಿದೆ. ಅಲ್ಲಿ ಭಾರಕ್ಕೆ ಭಾರವಿದೆ. ಅದೂ ಅತಿರೇಕದ ಚಿತ್ರವೇ, ಆದರೆ ನಿಯಮದ ಜೊತೆ ಆಡುವುದಿಲ್ಲ, ನೋಡುವವನನ್ನು ನೇರವಾಗಿ ಘಟನೆಯೊಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು, ಮ್ಯಾನರಿಸಂನ ನಂತರ ಬಂದ ಶೈಲಿಯ ಹೆಸರಿನಿಂದ, ಬರೋಕ್ ಎನ್ನುತ್ತೇವೆ. ಸಂಗೀತಗಾರ ಮೊಂತೆವೆರ್ದಿಯದೂ ಹೀಗೆಯೇ. ತ್ಸಾರ್ಲಿನೊನ ಶಿಷ್ಯ ಅರ್ತೂಸಿ 1600ರಲ್ಲಿ ಅವನ ಮದ್ರಿಗಲ್‌ಗಳಲ್ಲಿನ ನಿಯಮಭಂಗಗಳನ್ನು ಪಟ್ಟಿಮಾಡಿದಾಗ, ಅವನು 1605ರಲ್ಲಿ ಕೊಟ್ಟ ಉತ್ತರ ‘ಇದು ಎರಡನೆಯ ಪದ್ಧತಿ’ ಎಂದು. ಹಳೆಯ ನಿಯಮದೊಡನೆ ಆಡುವುದನ್ನು ಬಿಟ್ಟು ಹೊಸ ನಿಯಮವನ್ನೇ ಮಾಡುತ್ತೇನೆ ಎಂದವನು ಮ್ಯಾನರಿಸಂನಿಂದ ಹೊರಗೆ ಕಾಲಿಟ್ಟ ಹಾಗೆಯೇ.

ಸಿನಿಮಾದಲ್ಲಿ ಈ ಪದ ಗಂಭೀರವಾಗಿ ಚರ್ಚೆಗೆ ಬಂದದ್ದು 1985ರಲ್ಲಿ, ಫ್ರಾನ್ಸಿನ ‘ಕಾಯೆ ದ್ಯು ಸಿನೆಮಾ’ ಪತ್ರಿಕೆಯಲ್ಲಿ. ಹಾಲಿವುಡ್ಡಿನ ಶಾಸ್ತ್ರೀಯ ಸಿನಿಮಾವೂ ಮುಗಿದು, ಅದನ್ನು ಮುರಿದ ಆಧುನಿಕ ಸಿನಿಮಾವೂ ಮುಗಿದ ಮೇಲೆ ಕ್ಯಾಮೆರಾ ಹಿಡಿದವರು ತಡವಾಗಿ ಬಂದವರು ಎಂಬ ಅರಿವಿನಿಂದ ಆ ಚರ್ಚೆ ಹುಟ್ಟಿತು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ನಿರ್ದೇಶಕ ಬ್ರಯನ್ ಡಿ ಪಾಲ್ಮ. ಹಿರಿಯ ನಿರ್ದೇಶಕ ಹಿಚ್‌ಕಾಕ್‌ನ ದೃಶ್ಯಗಳನ್ನು ನೋಡುಗ ಮೊದಲೇ ಬಲ್ಲ ಎಂಬ ಭರವಸೆಯ ಮೇಲೆ ಅವರ ಚಿತ್ರಗಳು ನಿಂತಿವೆ. 1976ರ ‘ಅಬ್ಸೆಷನ್’ ಚಿತ್ರ, ಹಿಚ್‌ಕಾಕ್‌ನ 1958ರ ‘ವರ್ಟಿಗೊ’ದ ಕಥೆಯ ಎಳೆಯನ್ನೇ ಹಿಡಿದು, ಅದಕ್ಕೆ ಸಂಗೀತ ಕೊಟ್ಟಿದ್ದ ಬರ್ನಾರ್ಡ್ ಹರ್ಮನ್ನರಿಂದಲೇ ಸಂಗೀತ ಮಾಡಿಸಿಕೊಂಡದ್ದು. ಆ ಚಿತ್ರದ ನಾಯಕಿ ಫ್ಲಾರೆನ್ಸಿನ ಚರ್ಚಿನಲ್ಲಿ ಹಳೆಯ ಚಿತ್ರವೊಂದರ ದುರಸ್ತಿ ಮಾಡುತ್ತಿರುತ್ತಾಳೆ. ಅದರ ಕೆಳಗೆ ಇನ್ನೂ ಹಳೆಯ ಚಿತ್ರದ ಕುರುಹು ಕಂಡಿದೆ. ಮೇಲಿನದನ್ನು ಉಳಿಸಬೇಕೋ, ಕೆರೆದು ಕೆಳಗಿನದನ್ನು ತೆಗೆಯಬೇಕೋ ಎಂಬ ಮಾತು ಬರುತ್ತದೆ. ನಿರ್ದೇಶಕ ತನ್ನ ಸ್ಥಿತಿಯನ್ನೇ ಪಾತ್ರದ ಬಾಯಿಗೆ ಹಾಕಿದ್ದಾನೆ. ಅವರ ಎಲ್ಲ ಚಿತ್ರಗಳೂ ಈ ಮಟ್ಟದವಲ್ಲ. ಕೆಲವು ಕಡೆ ಕೌಶಲ ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ 1920ರ ಜರ್ಮನ್ ಮೂಕಿಚಿತ್ರ ‘ಡಾಕ್ಟರ್ ಕಲಿಗರಿ’ಯ ಸೊಟ್ಟ ಗೋಡೆಗಳನ್ನು ಮ್ಯಾನರಿಸಂ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸೊಟ್ಟಾಗಿರುವುದು ಹೇಳುವವನ ಮನಸ್ಸು. ಬಾಗಿಸಲು ಸಿನಿಮಾಕ್ಕೆ ಆಗ ಅಂಥ ಗಟ್ಟಿ ನಿಯಮವೇ ಇನ್ನೂ ಇರಲಿಲ್ಲ.

ಹದಿನಾರನೆಯ ಶತಮಾನದ ಚಿತ್ರಗಳನ್ನೇ ನೇರವಾಗಿ ಎತ್ತಿಕೊಂಡ ಎರಡು ಕೃತಿಗಳನ್ನು ಹೇಳಿ ಮುಗಿಸುತ್ತೇನೆ. 1963ರಲ್ಲಿ ಇಟಲಿಯ ನಿರ್ದೇಶಕ ಪಾಸೊಲಿನಿ ಮಾಡಿದ ‘ಲಾ ರಿಕೊತ್ತಾ’ ಎಂಬ ಕಿರುಚಿತ್ರದಲ್ಲಿ ಒಬ್ಬ ನಿರ್ದೇಶಕ ಏಸುವಿನ ಕಥೆಯನ್ನು ಚಿತ್ರೀಕರಿಸುತ್ತಿದ್ದಾನೆ. ಆ ಪಾತ್ರದಲ್ಲಿ ಆರ್ಸನ್ ವೆಲ್ಸ್ ಇದ್ದಾರೆ. ಕಪ್ಪುಬಿಳುಪಿನ ಚಿತ್ರದ ನಡುವೆ, ಮೇಲೆ ಹೇಳಿದ ರೊಸ್ಸೊ ಮತ್ತು ಪೊಂತೊರ್ಮೊ ಅವರ ಎರಡು ಚಿತ್ರಗಳನ್ನು ಜೀವಂತ ನಟರಿಂದ ಅದೇ ಭಂಗಿಯಲ್ಲಿ, ಅದೇ ಗುಲಾಬಿ-ನೀಲಿ ಬಣ್ಣಗಳಲ್ಲಿ ಮಾಡಿಸಲಾಗುತ್ತದೆ. ನಟರಿಗೆ ಆ ಭಂಗಿಯಲ್ಲಿ ನಿಲ್ಲಲಾಗುವುದಿಲ್ಲ. ಅಲುಗಾಡುತ್ತಾರೆ, ತಪ್ಪು ಸಂಗೀತ ಮೊಳಗುತ್ತದೆ, ಕೊನೆಗೆ ಹೊತ್ತ ದೇಹ ಕೆಳಗೆ ಬಿದ್ದು ಎಲ್ಲರೂ ನಕ್ಕುಬಿಡುತ್ತಾರೆ. ಆ ಭಂಗಿಗಳು ಬಣ್ಣದಲ್ಲಿ ಮಾತ್ರ ಸಾಧ್ಯ, ಮೈಯಲ್ಲಿ ಅಲ್ಲ ಎಂಬುದನ್ನು ಯಾವ ಪ್ರಬಂಧವೂ ಇಷ್ಟು ಚೆನ್ನಾಗಿ ಹೇಳಿಲ್ಲ. ಅದೇ ಹೊತ್ತಿಗೆ, ಕಳ್ಳನ ಪಾತ್ರಕ್ಕೆ ಕರೆತಂದಿದ್ದ ಹಸಿದ ಬಡವನೊಬ್ಬ ಅತಿಯಾಗಿ ತಿಂದು ನಿಜವಾಗಿ ಶಿಲುಬೆಯ ಮೇಲೆಯೇ ಸಾಯುತ್ತಾನೆ. ಈ ಚಿತ್ರಕ್ಕಾಗಿ ಪಾಸೊಲಿನಿ ಮೇಲೆ ಧರ್ಮನಿಂದೆಯ ಮೊಕದ್ದಮೆ ನಡೆಯಿತು.

ಇನ್ನೊಂದು, ಅಮೆರಿಕದ ಬಿಲ್ ವಿಯೊಲ 1995ರ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ ‘ದ ಗ್ರೀಟಿಂಗ್’ ಎಂಬ ವಿಡಿಯೊ. ಫ್ಲಾರೆನ್ಸಿನ ಹತ್ತಿರದ ಕಾರ್ಮಿನ್ಯಾನೊ ಊರಿನಲ್ಲಿರುವ ಪೊಂತೊರ್ಮೊನ ಚಿತ್ರದಲ್ಲಿ ಇಬ್ಬರು ಗರ್ಭಿಣಿಯರು, ಮರಿಯ ಮತ್ತು ಎಲಿಜಬೆತ್, ಬೀದಿಯಲ್ಲಿ ಎದುರಾಗಿ ತಬ್ಬಿಕೊಳ್ಳುತ್ತಾರೆ. ವಿಯೊಲ ಅದನ್ನು ಇಂದಿನ ಉಡುಪಿನ ಮೂವರು ಹೆಂಗಸರ ಭೇಟಿಯಾಗಿ ಮಾಡಿ, ಮುಕ್ಕಾಲು ನಿಮಿಷದ ಘಟನೆಯನ್ನು ಸೆಕೆಂಡಿಗೆ 300 ಚೌಕಟ್ಟುಗಳ ವೇಗದಲ್ಲಿ ಚಿತ್ರೀಕರಿಸಿ ಸುಮಾರು ಹತ್ತು ನಿಮಿಷಕ್ಕೆ ಹಿಗ್ಗಿಸಿದರು. ಇಲ್ಲಿ ಪಾರ್ಮಿಜಾನಿನೊ ಕೊರಳಿಗೆ ಮಾಡಿದ್ದನ್ನು ವಿಯೊಲ ಕಾಲಕ್ಕೆ ಮಾಡಿದ್ದಾರೆ. ಆದರೆ ನಿಧಾನಗತಿಯ ಪ್ರತಿಯೊಂದು ವಿಡಿಯೊವೂ ಮ್ಯಾನರಿಸಂ ಆಗುವುದಿಲ್ಲ. ಇದು ಆಗುವುದು, ಮೂಲ ಚಿತ್ರವನ್ನು ಬಲ್ಲವನು ‘ಆ ಅಪ್ಪುಗೆ ಯಾವ ಕ್ಷಣಕ್ಕೆ ಬಂದು ನಿಲ್ಲುತ್ತದೆ’ ಎಂದು ಕಾಯುತ್ತ ನೋಡುವುದರಿಂದ. ಕಾಮಿಕ್ಸಿನ ತಿರುಚಿದ ಮೈಗಳಿಗೂ ಜಾಹೀರಾತಿನ ನೀಳ ಕಾಲುಗಳಿಗೂ ಈ ಹೆಸರು ಸಲ್ಲುತ್ತದೆಯೇ ಎಂದು ಕೇಳಿದರೆ, ಪ್ರತಿಸಲವೂ ಇದೇ ಪರೀಕ್ಷೆಗೆ ಒಡ್ಡಬೇಕು: ನೋಡುಗನಿಗೆ ಮೊದಲೇ ಗೊತ್ತಿರುವ ಯಾವ ಮಾದರಿಯನ್ನು ಇದು ಬಾಗಿಸುತ್ತಿದೆ? ಉತ್ತರ ಸಿಗದಿದ್ದರೆ ಬೇರೆ ಹೆಸರು ಹುಡುಕಬೇಕು, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನ ಸಲ ಉತ್ತರ ಸಿಗುವುದಿಲ್ಲ.